ಆರರಿಂದ ಎಂಟನೇ ತರಗತಿ ಗಣಿತ: ಮಗುವಿನ ನೋಟ್‌ಬುಕ್ ಓದೋದು ಹೇಗೆ?

“ಐದನೇ ಕ್ಲಾಸ್‌ವರೆಗೂ ಚೆನ್ನಾಗೇ ಮಾಡ್ತಿದ್ದ ಮೇಡಂ, ಆರಕ್ಕೆ ಬಂದ ಮೇಲೆ ಏನಾಯ್ತು ಇವನಿಗೆ?”

ದಾವಣಗೆರೆಯಲ್ಲಿ ಗಣಿತ ಕಲಿಸುವ ನನಗೆ ಪ್ರತಿ ಪೋಷಕರ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ. ಹುಡುಗನಿಗೆ ಏನೂ ಆಗಿರುವುದಿಲ್ಲ, ಗಣಿತದ ಸ್ವರೂಪವೇ ಬದಲಾಗಿರುತ್ತದೆ. ಐದರವರೆಗೆ ಲೆಕ್ಕ ಅಂದರೆ ಕೂಡು, ಕಳೆ, ಉತ್ತರ ಬರೆ, ಮುಗೀತು. ಆರರಿಂದ ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು ಬರುತ್ತವೆ. ಅಂಕಿ ಇದ್ದ ಜಾಗದಲ್ಲಿ ಅಕ್ಷರ ಕೂರುತ್ತದೆ. “ಉತ್ತರ ಎಷ್ಟು?” ಅನ್ನುವುದರ ಜೊತೆಗೆ “ಹೇಗೆ ಬಂತು, ಬರೆದು ತೋರಿಸು” ಅನ್ನುವುದೂ ಶುರುವಾಗುತ್ತದೆ. ಉತ್ತರ ಸರಿ ಇದ್ದು ಹಂತಗಳು ಇಲ್ಲದಿದ್ದರೆ ಅಂಕ ಹೋಗುತ್ತದೆ. ಮನೆಯಲ್ಲಿ ಜಗಳ ಶುರುವಾಗುವುದೂ ಇಲ್ಲೇ.

ಇದಕ್ಕೆ ನೀವು ಬೀಜಗಣಿತ ಕಲಿಯಬೇಕಾಗಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿರಲೇಬೇಕು ಅಂತಲೂ ಇಲ್ಲ. ಮಗುವಿನ ನೋಟ್‌ಬುಕ್ ನೋಡಿ ಎಲ್ಲಿ ಎಡವುತ್ತಿದೆ ಅಂತ ಗುರುತಿಸಲು ಬಂದರೆ ಅರ್ಧ ಕೆಲಸ ಆಯ್ತು. ಹೇಗೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

1. ಮೊದಲು ಪಠ್ಯಪುಸ್ತಕ ಕೈಗೆತ್ತಿಕೊಳ್ಳಿ

ಪರಿವಿಡಿ ಪುಟ ಒಂದನ್ನು ಓದಿ ಸಾಕು. ಆರನೇ ತರಗತಿಯಲ್ಲಿ ಪೂರ್ಣಾಂಕ, ಭಿನ್ನರಾಶಿ, ದಶಮಾಂಶ, ಅನುಪಾತ, ಬೀಜಗಣಿತದ ಪರಿಚಯ ಇರುತ್ತದೆ. ಏಳರಲ್ಲಿ ಸರಳ ಸಮೀಕರಣ, ಶೇಕಡ, ತ್ರಿಭುಜ, ಘಾತಾಂಕ. ಎಂಟರಲ್ಲಿ ಭಾಗಲಬ್ಧ ಸಂಖ್ಯೆ, ವರ್ಗಮೂಲ, ಬೀಜೋಕ್ತಿ, ಚತುರ್ಭುಜ. ಪಟ್ಟಿ ದೊಡ್ಡದು ಅನ್ನಿಸಬಹುದು. ಆದರೆ ಗಮನಿಸಿ ನೋಡಿ, ಆರರ ಭಿನ್ನರಾಶಿ ಬಾರದ ಮಗುವಿಗೆ ಏಳರ ಶೇಕಡ ಬರುವುದಿಲ್ಲ, ಎಂಟರ ಭಾಗಲಬ್ಧ ಸಂಖ್ಯೆಯಂತೂ ದೂರದ ಮಾತು. ಮೂರು ವರ್ಷದಲ್ಲಿ ಒಂದೇ ಒಂದು ಪಾಠದ ಮೇಲೆ ಕಣ್ಣಿಡಬೇಕು ಅಂದರೆ ನಾನು ಭಿನ್ನರಾಶಿ ಅಂತೀನಿ.

ಒಂದು ಎಚ್ಚರ. ಸಿಬಿಎಸ್‌ಇ ಶಾಲೆಯ ಮಕ್ಕಳಿಗೆ ಎನ್‌ಸಿಇಆರ್‌ಟಿಯ ಪುಸ್ತಕಗಳೇ ಬದಲಾಗಿವೆ. ಆರನೇ ತರಗತಿಗೆ 2024ರಲ್ಲಿ, ಏಳು ಮತ್ತು ಎಂಟಕ್ಕೆ 2025ರಲ್ಲಿ ಹೊಸ ಪುಸ್ತಕ ಬಂತು. ಅಕ್ಕನ ಹಳೇ ಪುಸ್ತಕ, ಪಕ್ಕದ ಮನೆಯವರ ಹಳೇ ಗೈಡು ಕೊಟ್ಟು ಕೂರಿಸಿದರೆ ಮಗು ಬೇರೆಯದೇ ಪಾಠ ಓದುತ್ತಿರುತ್ತದೆ. ರಾಜ್ಯ ಪಠ್ಯಕ್ರಮದ ಮಕ್ಕಳೂ ಶಾಲೆಯಲ್ಲಿ ಕೊಟ್ಟ ಪುಸ್ತಕವನ್ನೇ ಇಟ್ಟುಕೊಳ್ಳಲಿ. ಅದರ ಪಾಠಗಳಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಮೊಬೈಲಿನ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಪಟ್ಟ ವಿಡಿಯೊ, ಅಭ್ಯಾಸ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ.

2. ಭಾನುವಾರ ಬೆಳಿಗ್ಗೆ ಒಂದು ಸಣ್ಣ ಪರೀಕ್ಷೆ

ತಿಂಡಿ ಆದ ಮೇಲೆ, ಟಿವಿ ಹಾಕುವ ಮೊದಲು, ಒಂದು ಹಾಳೆ ಕೊಟ್ಟು ಈ ಲೆಕ್ಕಗಳನ್ನು ಮಾಡಿಸಿ. ಪರೀಕ್ಷೆ ಅಂತ ಹೆದರಿಸಬೇಡಿ, ಸುಮ್ನೆ ಮಾಡಿಸಿ.

3024ನ್ನು 6ರಿಂದ ಭಾಗಿಸು. ಉತ್ತರ 504. ಮಗು 54 ಅಂತ ಬರೆದರೆ ಅದಕ್ಕೆ ಭಾಗಾಕಾರ ಗೊತ್ತಿದೆ, ನಡುವಿನ ಸೊನ್ನೆಯ ಬೆಲೆ ಗೊತ್ತಿಲ್ಲ ಅಂತ ಅರ್ಥ. ಅಂದರೆ ಸ್ಥಾನಬೆಲೆಯ ಪಾಠಕ್ಕೆ ವಾಪಸ್ ಹೋಗಬೇಕು.

0.5, 0.35, ಇವುಗಳಲ್ಲಿ ಯಾವುದು ದೊಡ್ಡದು? “ಮೂವತ್ತೈದು ದೊಡ್ಡದಲ್ವಾ” ಅಂತ ಹೇಳುವ ಮಕ್ಕಳು ಎಂಟನೇ ತರಗತಿಯಲ್ಲೂ ಇರುತ್ತಾರೆ. 50 ಪೈಸೆ, 35 ಪೈಸೆ ಅಂತ ಕೇಳಿ ನೋಡಿ, ಅದೇ ಮಗು ಸರಿ ಹೇಳುತ್ತದೆ.

2/3ಕ್ಕೆ 1/4 ಕೂಡಿಸು. ಸರಿ ಉತ್ತರ 11/12. ತಪ್ಪು ಉತ್ತರ ಬಂದರೆ ಅದು 3/7 ಆಗಿರುವ ಸಾಧ್ಯತೆಯೇ ಜಾಸ್ತಿ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಡುತ್ತಾರೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

20 ಕಳೆ 3 ಗುಣಿಸು 4, ಅಂದರೆ 20 − 3 × 4. ಗುಣಾಕಾರ ಮೊದಲು ಮಾಡಬೇಕು, ಹಾಗಾಗಿ ಉತ್ತರ 8. ಎಡದಿಂದ ಬಲಕ್ಕೆ ಮಾಡಿಕೊಂಡು ಹೋದವರಿಗೆ 68 ಬರುತ್ತದೆ.

ಏಳು, ಎಂಟರ ಮಕ್ಕಳಿಗೆ ಇನ್ನೆರಡು. −7, −3 ಇವುಗಳಲ್ಲಿ ಯಾವುದು ದೊಡ್ಡದು? 3ಎಕ್ಸ್ + 5 = 20 ಆದರೆ ಎಕ್ಸ್ ಎಷ್ಟು? ಉತ್ತರಗಳು −3 ಮತ್ತು 5.

ಮಗ್ಗಿಯ ವಿಷಯ. ನಮ್ಮ ಕಾಲದಲ್ಲಿ ಇಪ್ಪತ್ತರವರೆಗೆ ಬಾಯಿಪಾಠ ಮಾಡಿಸುತ್ತಿದ್ದರು, ಅಜ್ಜಂದಿರು ಈಗಲೂ ಅದನ್ನೇ ಕೇಳುತ್ತಾರೆ. ಹತ್ತರವರೆಗೆ ತಡವರಿಸದೆ ಬಂದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಸಾಲಾಗಿ ಹೇಳಿಸಬೇಡಿ. “ಏಳೆಂಟ್ಲೆ?” “ಆರೊಂಬತ್ಲೆ?” ಅಂತ ಅಡ್ಡಾದಿಡ್ಡಿ ಕೇಳಿ. ರಾಗವಾಗಿ ಹೇಳುವ ಮಗು ನಡುವೆ ಕೇಳಿದಾಗ ಮತ್ತೆ ಒಂದರಿಂದ ಶುರು ಮಾಡಿದರೆ ಮಗ್ಗಿ ಇನ್ನೂ ಕೈಗೆ ಬಂದಿಲ್ಲ.

3. ನೋಟ್‌ಬುಕ್ ತೆರೆಯಿರಿ, ಕೆಂಪು ಇಂಕು ಬಿಟ್ಟು ಉಳಿದದ್ದನ್ನು ನೋಡಿ

ಬಹಳ ಜನ ನೋಟ್ಸ್ ತೆರೆದ ಕೂಡಲೇ ರೈಟ್, ತಪ್ಪು ಗುರುತು ಎಣಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಬೋರ್ಡ್ ಮೇಲೆ ಇದ್ದದ್ದನ್ನು ನಕಲು ಮಾಡಿದ ಪುಟಗಳಲ್ಲಿ ಎಲ್ಲ ರೈಟೇ ಇರುತ್ತದೆ. ನೀವು ನೋಡಬೇಕಾದ್ದು ಮಗು ತಾನಾಗಿ ಮಾಡಿದ ಲೆಕ್ಕ: ಮನೆಕೆಲಸ, ಟೆಸ್ಟ್ ಪೇಪರು, ಕೊನೇ ಪುಟದ ರಫ್ ವರ್ಕ್. ಅದರಲ್ಲೂ ರಫ್ ವರ್ಕ್‌ನಂಥ ಸತ್ಯವಂತ ಇನ್ನೊಬ್ಬನಿಲ್ಲ. ಅದನ್ನು ಅಳಿಸಲು ಬಿಡಬೇಡಿ. ರಬ್ಬರು ಜಾಸ್ತಿ ಬಳಸುವ ಮಗುವಿಗೆ ಪೆನ್ನು ಕೊಟ್ಟು ನೋಡಿ.

ನೋಡುವಾಗ ಈ ಕೆಲವು ತಪ್ಪುಗಳನ್ನು ಹುಡುಕಿ.

ಮೊದಲನೆಯದು ಸಮ ಚಿಹ್ನೆ. ‘5 + 3 = 8 × 2 = 16 − 1 = 15’ ಅಂತ ರೈಲಿನ ಹಾಗೆ ಬರೆದಿದ್ದರೆ ಎಚ್ಚರಗೊಳ್ಳಿ. ಉತ್ತರ 15 ಸರಿಯೇ. ಆದರೆ 5 + 3 ಎಲ್ಲಾದರೂ 15 ಆಗುತ್ತದಾ? ಈ ಮಗುವಿಗೆ ಸಮ ಚಿಹ್ನೆ ಅಂದರೆ ‘ಉತ್ತರ ಬಂತು’ ಅಂತ. ನಿಜದಲ್ಲಿ ಅದು ತಕ್ಕಡಿ. ಎರಡೂ ತಟ್ಟೆ ಸಮ ಇದೆ ಅಂತ ಹೇಳುವ ಗುರುತು. ಆರನೇ ತರಗತಿಯಲ್ಲಿ ಇದನ್ನು ಸರಿ ಮಾಡದೆ ಬಿಟ್ಟರೆ ಏಳರಲ್ಲಿ ಸಮೀಕರಣ ಬಂದಾಗ ಮಗು ಕಕ್ಕಾಬಿಕ್ಕಿಯಾಗುತ್ತದೆ. ಒಂದು ಸಾಲಿಗೆ ಒಂದೇ ಸಮ ಚಿಹ್ನೆ, ಮುಂದಿನದು ಮುಂದಿನ ಸಾಲಿನಲ್ಲಿ. ಈ ಒಂದು ಶಿಸ್ತನ್ನು ಮನೆಯಲ್ಲಿ ಯಾರು ಬೇಕಾದರೂ ಹೇಳಿಕೊಡಬಹುದು.

ಎರಡನೆಯದು ಆಗಲೇ ಹೇಳಿದ 3/7. ‘ತಪ್ಪು, ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ತೆಗಿ’ ಅಂತ ಹೇಳಬೇಡಿ. ಒಂದು ಪ್ರಶ್ನೆ ಕೇಳಿ: “2/3 ಅಂದರೆ ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ?” ಜಾಸ್ತಿ. “3/7?” ಅರ್ಧಕ್ಕಿಂತ ಕಮ್ಮಿ. “ಮತ್ತೆ, 2/3ಕ್ಕೆ ಇನ್ನೂ ಸ್ವಲ್ಪ ಕೂಡಿಸಿದ ಮೇಲೆ ಕಮ್ಮಿ ಆಗಿಬಿಡ್ತಾ?” ಮಗು ತಾನೇ ನಗುತ್ತದೆ. ಉತ್ತರ ನಂಬುವ ಹಾಗಿದೆಯಾ ಅಂತ ನೋಡುವ ಅಭ್ಯಾಸ ಲಸಾಅ ತೆಗೆಯುವುದಕ್ಕಿಂತ ಮೊದಲು ಬರಬೇಕು. ಭಿನ್ನರಾಶಿಗೆ ನಮ್ಮ ಮನೆಯಲ್ಲೇ ಹಳೇ ಮೇಷ್ಟ್ರು ಇದ್ದಾರೆ. ಅಜ್ಜಿಯ ಹತ್ತಿರ ಪಾವು, ಸೇರು ಇದ್ದರೆ ಹೊರಗೆ ತೆಗೆಸಿ. ನಾಲ್ಕು ಪಾವಿಗೆ ಒಂದು ಸೇರು. ಒಂದು ಪಾವು ಅಂದರೆ ಸೇರಿನ ಕಾಲು ಭಾಗ, ಅರೆಪಾವು ಅಂದರೆ ಎಂಟರಲ್ಲಿ ಒಂದು. ಅರ್ಧ ಸೇರಿಗೆ ಒಂದು ಪಾವು ಕೂಡಿದರೆ ಮುಕ್ಕಾಲು ಸೇರು. 1/2 + 1/4 = 3/4 ಅಂತ ಬರೆಸುವ ಮೊದಲು ಮಂಡಕ್ಕಿ ಅಳೆಸಿ. ಅಳೆದದ್ದನ್ನು ಸಂಜೆ ಮಿರ್ಚಿ ಜೊತೆ ತಿನ್ನಬಹುದು, ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕಾ!

ಮೂರನೆಯದು, ಮತ್ತು ಇದಕ್ಕೆ ಮನೆಯವರದ್ದೂ ಪಾಲಿದೆ: ಅಡ್ಡದಾರಿಯ ಸೂತ್ರಗಳು. “ಮೈನಸ್ಸು ಮೈನಸ್ಸು ಪ್ಲಸ್ಸು” ಅಂತ ಅಪ್ಪ ಹೇಳಿಕೊಟ್ಟಿರುತ್ತಾರೆ. ಗುಣಾಕಾರದಲ್ಲಿ ಅದು ಸರಿ, (−5) × (−3) = 15. ಅದೇ ಸೂತ್ರವನ್ನು ಮಗು ಕೂಡುವುದಕ್ಕೂ ಹಚ್ಚಿ −5 − 3 = 8 ಅಂತ ಬರೆಯುತ್ತದೆ. ಸರಿ ಉತ್ತರ −8. ಇನ್ನೊಂದು, “ಈ ಕಡೆಯಿಂದ ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ” ಅನ್ನುವುದು. 3ಎಕ್ಸ್ = 12 ಕೊಟ್ಟರೆ ಮಗು 3ನ್ನು ಆಚೆ ಕಳಿಸಿ 12 − 3 = 9 ಅಂತ ಮಾಡುತ್ತದೆ. ಮಗು ನಿಯಮವನ್ನು ಸರಿಯಾಗಿಯೇ ಪಾಲಿಸಿದೆ ನೋಡಿ, ಕೊಟ್ಟ ನಿಯಮವೇ ಅರೆಬರೆ! ಮೂರು ಎಕ್ಸ್ ಸೇರಿ 12 ಆದರೆ ಒಂದು ಎಕ್ಸ್ ಎಷ್ಟು ಅಂತ ಕೇಳಿದರೆ ‘ನಾಲ್ಕು’ ಅಂತ ತಟ್ಟನೆ ಹೇಳುತ್ತದೆ. ಶಾಲೆಯಲ್ಲಿ ಎರಡೂ ಕಡೆ 3ರಿಂದ ಭಾಗಿಸು ಅಂತ ಉದ್ದಕ್ಕೆ ಬರೆಸುವುದು ಈ ಕಾರಣಕ್ಕೇ. ಅದು ಸಮಯ ಹಾಳು ಅಂತ ದಯವಿಟ್ಟು ಮಗುವಿನ ಮುಂದೆ ಹೇಳಬೇಡಿ.

ರೇಖಾಗಣಿತದ ಪುಟಗಳಲ್ಲಿ ಒಂದೇ ನೋಡಿ. ಕೋನಮಾಪಕದಲ್ಲಿ ಎರಡು ಸಾಲು ಅಂಕಿ ಇರುತ್ತವೆ, 60 ಇದ್ದ ಕಡೆಯೇ 120 ಇರುತ್ತದೆ. ಚೂಪಾದ ಕೋನ ಬರೆದು 120 ಅಂತ ಗುರುತು ಮಾಡಿದ್ದರೆ ತಪ್ಪು ಸಾಲು ಓದಿದೆ ಅಂತ. ಉಳಿದಂತೆ ಕೈವಾರದ ಸ್ಕ್ರೂ ಬಿಗಿ ಇದೆಯಾ, ಪೆನ್ಸಿಲ್ ಚೂಪಿದೆಯಾ ಅಂತ ವಾರಕ್ಕೊಮ್ಮೆ ನೋಡಿ. ಸಡಿಲ ಕೈವಾರದಿಂದ ಹೋಗುವ ಅಂಕಕ್ಕೆ ಮಗುವನ್ನು ಬೈದು ಪ್ರಯೋಜನ ಇಲ್ಲ.

4. ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂರಿ, ಪೆನ್ನು ಮುಟ್ಟಬೇಡಿ

ಲೆಕ್ಕ ಮಗು ಮಾಡಲಿ. ನೀವು ಕೇಳುವ ಪ್ರಶ್ನೆ ಮೂರೇ. ಏನು ಕೇಳಿದ್ದಾರೆ? ಏನೇನು ಕೊಟ್ಟಿದ್ದಾರೆ? ಈ ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದೆ? ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ನಿಜವಾಗಿ ತಿಳಿಯಲು ಕೇಳುತ್ತಿದ್ದೀರಿ ಅಂತ ಮಗುವಿಗೆ ಗೊತ್ತಾಗುತ್ತದೆ. ನಿಮಗೆ ವಿವರಿಸುತ್ತಾ ಹೋಗಿ ಅರ್ಧದಲ್ಲಿ “ಅಯ್ಯೋ, ಇಲ್ಲಿ ತಪ್ಪಾಗಿದೆ” ಅಂತ ತಾನೇ ನಿಲ್ಲುವ ಮಕ್ಕಳು ತುಂಬಾ.

ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡರೆ ಹತ್ತು ನಿಮಿಷ ಬಿಡಿ. ಆಮೇಲೂ ಆಗದಿದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಲಿ. ಆ ಪ್ರಶ್ನೆ ಚಿಹ್ನೆ ನಮಗೆ, ಟೀಚರ್‌ಗಳಿಗೆ, ಬಹಳ ಉಪಯೋಗ. ಅದರ ಬದಲು ಮೊಬೈಲಿನಲ್ಲಿ ಫೋಟೊ ತೆಗೆದು ಹಂತ ಸಮೇತ ಉತ್ತರ ಇಳಿಸಿಕೊಂಡು ಬಂದರೆ ಮಗುವಿಗೆ ಎಲ್ಲ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅಂಥ ಆ್ಯಪ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ತಾನು ಮಾಡಿದ ಮೇಲೆ ಸರಿ ನೋಡಿಕೊಳ್ಳಲು ಬಳಸಲಿ.

“ನಿಮ್ಮಪ್ಪನಿಗೂ ಲೆಕ್ಕ ಬರ್ತಿರಲಿಲ್ಲ, ನಿಂಗೆಲ್ಲಿಂದ ಬರುತ್ತೆ” ಅನ್ನುವ ಮಾತೊಂದಿದೆ. ತಮಾಷೆಗೆ ಹೇಳುತ್ತಾರೆ. ಮಕ್ಕಳು ತಮಾಷೆಗೆ ತಗೊಳ್ಳುವುದಿಲ್ಲ, ಒಳ್ಳೆ ನೆಪ ಸಿಕ್ಕಿತು ಅಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳಿಗೆ ಒಂದು ಮಾತು. ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥ ಆಗುವುದಿಲ್ಲ. ಮಾತಿನ ಲೆಕ್ಕವನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಿಸಿ, ಆಮೇಲೆ ಮಾಡಲಿ. ಲಸಾಅ ಅಂದರೆ ಎಲ್‌ಸಿಎಂ, ಮಸಾಅ ಅಂದರೆ ಎಚ್‌ಸಿಎಫ್, ಅಂಶ ಅಂದರೆ ನ್ಯೂಮರೇಟರ್, ಛೇದ ಅಂದರೆ ಡಿನಾಮಿನೇಟರ್ ಅಂತ ನೋಟ್‌ಬುಕ್ಕಿನ ಹಿಂದೆ ಒಂದು ಪುಟ ಬರೆದಿಟ್ಟುಕೊಂಡರೆ ಒಂದೆರಡು ತಿಂಗಳಲ್ಲಿ ಅಭ್ಯಾಸ ಆಗುತ್ತದೆ.

5. ಊರಿನ ಲೆಕ್ಕ ಮಾಡಿಸಿ

ನನಗೆ ಇಷ್ಟದ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಋಣ ಸಂಖ್ಯೆ ಕಲಿಸಲು ಪುಸ್ತಕದಲ್ಲಿ ಹಿಮ ಬೀಳುವ ಊರಿನ ಉಷ್ಣತೆ ಕೊಟ್ಟಿರುತ್ತಾರೆ. ಜಗಳೂರು, ಚಿತ್ರದುರ್ಗ ಕಡೆಯ ಮಗುವಿಗೆ ಹಿಮ ಯಾಕೆ, ಬೋರ್‌ವೆಲ್ ಇಲ್ವಾ? ನೆಲ ಅಂದರೆ ಸೊನ್ನೆ. ತಾರಸಿ ಮೇಲಿನ ಟ್ಯಾಂಕು +15 ಅಡಿ. ಮೋಟರ್ ಇಳಿಸಿದ್ದು −400 ಅಡಿಗೆ. ನೀರು ಎಷ್ಟು ಅಡಿ ಮೇಲೇರಬೇಕು? 15 − (−400) = 415. ‘ಮೈನಸ್ ಕಳೆದರೆ ಯಾಕೆ ಕೂಡಬೇಕು’ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಪಕ್ಕದ ತೋಟದವರು −600ರಲ್ಲಿ ಇಳಿಸಿದ್ದಾರೆ ಅಂದರೆ −400, −600 ಇವುಗಳಲ್ಲಿ ಯಾವುದು ದೊಡ್ಡದು ಅನ್ನುವ ಪ್ರಶ್ನೆಯೂ ಅಲ್ಲೇ ಬಗೆಹರಿಯುತ್ತದೆ. ನೆಲಕ್ಕೆ ಹತ್ತಿರ ಇರುವುದು, ಅಂದರೆ ಮೇಲಿರುವುದು ದೊಡ್ಡದು.

ಸುತ್ತಳತೆ, ವಿಸ್ತೀರ್ಣ ಎರಡನ್ನೂ ಕಲಸುಮೇಲೋಗರ ಮಾಡಿಕೊಳ್ಳುವ ಮಕ್ಕಳಿಗೆ ಸೈಟು ತೋರಿಸಿ. 30 × 40 ಸೈಟಿಗೆ ಕಾಂಪೌಂಡ್ 140 ಅಡಿ, ಜಾಗ 1200 ಚದರ ಅಡಿ. ಈಗ 20 × 60 ಸೈಟು ತಗೊಳ್ಳಿ. ಜಾಗ ಅಷ್ಟೇ, 1200. ಕಾಂಪೌಂಡ್ 160 ಅಡಿ! ಇಟ್ಟಿಗೆ ಜಾಸ್ತಿ ಬೇಕು. ಹೊಲ ಇದ್ದವರು ಗುಂಟೆ ಹಿಡಿಯಿರಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. 33ರ ವರ್ಗ ಎಷ್ಟು? 1089 ಚದರ ಅಡಿ. ಅಂಥ 40 ಸೇರಿದರೆ ಎಕರೆ, ಅಂದರೆ 43,560. ಎಂಟನೇ ತರಗತಿಯ ವರ್ಗ, ವರ್ಗಮೂಲದ ಪಾಠ ಇಲ್ಲೇ ಇದೆ. ಹತ್ತು ಗುಂಟೆಯ ಚೌಕದ ಬದಿ ಎಷ್ಟು ಅಂತ ಕೇಳಿ. 330 ಅಂತ ಹೇಳುತ್ತಾರೆ. ಅದು ನೂರು ಗುಂಟೆಯ ಚೌಕ ಆಗಿಬಿಡುತ್ತದೆ. ಹತ್ತು ಗುಂಟೆಗೆ ಸುಮಾರು 104 ಅಡಿ ಸಾಕು.

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ರೈತರು ಪೇಪರಿನಲ್ಲಿ ಮೊದಲು ನೋಡುವುದು ಭದ್ರಾ ಡ್ಯಾಂ ಮಟ್ಟ. ಗರಿಷ್ಠ 186 ಅಡಿ. ದಿನಾ ಮಟ್ಟವನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಸಿ, ಎರಡು ವಾರದಲ್ಲಿ ರೇಖಾನಕ್ಷೆ ತಯಾರು. ಯಾವ ದಿನ ರೇಖೆ ಕಡಿದಾಗಿ ಏರಿದೆ, ಅವತ್ತು ಮಲೆನಾಡಿನಲ್ಲಿ ಮಳೆ ಹೇಗಿತ್ತು ಅಂತ ಮಾತಾಡಿ. ಇನ್ನು ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, 1ರ ಮುಂದೆ 9 ಸೊನ್ನೆ, 10ರ ಘಾತ 9. ಡ್ಯಾಂ ತುಂಬಿದರೆ ಸುಮಾರು 71.5 ಟಿಎಂಸಿ. ಘಾತಾಂಕ ಯಾಕೆ ಬೇಕು ಅನ್ನುವ ಮಗುವಿಗೆ ಇದನ್ನು ಸೊನ್ನೆ ಹಾಕಿ ಬರೆಯಲು ಹೇಳಿ.

ಶೇಕಡಕ್ಕೆ ಚೌಕಿಪೇಟೆಯಲ್ಲಿ ಬಟ್ಟೆ ತರಲು ಹೋದಾಗ ಮಗುವನ್ನು ಕರೆದುಕೊಂಡು ಹೋಗಿ. ಒಂದು ಅಂಗಡಿಯವರು ಸಾವಿರ ರೂಪಾಯಿಯ ಸೀರೆಗೆ ಮೊದಲು ಶೇ. 20 ಏರಿಸಿ, ಆಮೇಲೆ ಶೇ. 20 ರಿಯಾಯಿತಿ ಕೊಟ್ಟರೆ ಬೆಲೆ ಮತ್ತೆ ಸಾವಿರಕ್ಕೆ ಬರುತ್ತದಾ? ಇಲ್ಲ, 960. ಯಾಕೆ ಅಂತ ವಿವರಿಸಲು ಬಂದರೆ ಆ ಮಗುವಿಗೆ ಶೇಕಡ ಬಂತು ಅಂತಲೇ ಲೆಕ್ಕ.

6. ಟೀಚರ್ ಹತ್ತಿರ ಏನು ಕೇಳಬೇಕು

ರಾಜ್ಯ ಪಠ್ಯಕ್ರಮದಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವೆ ಆಗುವ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಇರುತ್ತವೆ. ಎಸ್‌ಎ ಫಲಿತಾಂಶ ಬಂದ ಮೇಲೆ ಓಡಿ ಬರುವುದಕ್ಕಿಂತ ಮೊದಲ ಎಫ್‌ಎ ಆದ ಕೂಡಲೇ ಬನ್ನಿ, ಆಗ ತಿದ್ದಲು ಸಮಯ ಇರುತ್ತದೆ.

“ನಮ್ಮ ಹುಡುಗಿ ಹೇಗೆ ಓದ್ತಾಳೆ ಮೇಡಂ?” ಅಂತ ಕೇಳಿದರೆ “ಪರವಾಗಿಲ್ಲ, ಇನ್ನೂ ಓದಬೇಕು” ಅನ್ನುವ ಉತ್ತರವೇ ಸಿಗುತ್ತದೆ. ದೊಡ್ಡ ಕ್ಲಾಸು, ಸಾಲಿನಲ್ಲಿ ಇನ್ನೂ ಪೋಷಕರು. ಟೆಸ್ಟ್ ಪೇಪರು ಕೈಯಲ್ಲಿ ಹಿಡಿದು ಬನ್ನಿ. “ಈ ಲೆಕ್ಕದಲ್ಲಿ ಅಂಕ ಎಲ್ಲಿ ಹೋಯ್ತು? ಇದು ಗಡಿಬಿಡಿಯಿಂದ ಆದ ತಪ್ಪಾ, ಪಾಠವೇ ಅರ್ಥ ಆಗಿಲ್ವಾ? ಯಾವ ಹಳೇ ಪಾಠ ಮತ್ತೆ ಮಾಡಿಸಲಿ?” ಹೀಗೆ ಕೇಳಿದರೆ ನಾವೂ ನೇರ ಉತ್ತರ ಕೊಡಬೇಕಾಗುತ್ತದೆ. ನಿಮ್ಮ ಭಾನುವಾರದ ಹಾಳೆಯನ್ನೂ ತನ್ನಿ.

ಟ್ಯೂಷನ್ ಬೇಕಾ ಅನ್ನುವ ಪ್ರಶ್ನೆಗೆ ಉತ್ತರವೂ ಆ ಹಾಳೆಯಲ್ಲೇ ಇದೆ. ಭಾಗಾಕಾರ, ಭಿನ್ನರಾಶಿ ಬಾರದ ಏಳನೇ ತರಗತಿ ಮಗುವನ್ನು ಮೂವತ್ತು ಜನರ ಟ್ಯೂಷನ್ನಿಗೆ ಹಾಕಿದರೆ ಅಲ್ಲೂ ಏಳನೇ ತರಗತಿಯ ಪಾಠವನ್ನೇ ಮಾಡುತ್ತಾರೆ. ದುಡ್ಡು, ಸಮಯ ಎರಡೂ ದಂಡ. ಹಾಕುವುದೇ ಆದರೆ ಐದಾರು ಮಕ್ಕಳನ್ನು ಕೂರಿಸಿಕೊಂಡು ಹಿಂದಿನ ಪಾಠದಿಂದ ಶುರು ಮಾಡುವವರನ್ನು ಹುಡುಕಿ.

7. ಎಂಟನೇ ತರಗತಿಯವರು ಮರೆಯಬಾರದ ಪರೀಕ್ಷೆ

ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಮಗು ಓದುತ್ತಿದ್ದರೆ ಎನ್‌ಎಂಎಂಎಸ್ (ಕಡಿಮೆ ಆದಾಯದ ಮನೆಯ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ) ಬಗ್ಗೆ ಮುಖ್ಯ ಶಿಕ್ಷಕರನ್ನು ಕೇಳಿ. ಎಂಟನೇ ತರಗತಿಯಲ್ಲಿ ಬರೆಯುವ ಪರೀಕ್ಷೆ ಇದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50 ಸಾಕು.

ತಲಾ 90 ಪ್ರಶ್ನೆಗಳ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತದ್ದು. ಎರಡನೆಯದರಲ್ಲಿ ಗಣಿತಕ್ಕೆ 20 ಪ್ರಶ್ನೆ. ಆದರೆ ಮೊದಲ ಪತ್ರಿಕೆಯ ಸಂಖ್ಯಾಸರಣಿಗಳಿಗೂ ಅನುಪಾತ, ವರ್ಗ, ಮಗ್ಗಿ ಬಾರದಿದ್ದರೆ ಕಷ್ಟ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಮಗುವಿನ ಹೆಸರು ಎಲ್ಲ ಕಡೆ ಒಂದೇ ರೀತಿ ಇದೆಯಾ ಅಂತ ಶಾಲೆ ಶುರುವಾದ ಜೂನ್ ತಿಂಗಳಲ್ಲೇ ನೋಡಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಅಲೆದರೆ ಕೊನೇ ದಿನಾಂಕ ಕೈತಪ್ಪುತ್ತದೆ.